ಸಾರ್ಥಕತೆ ಇದೆ ಸಾರ್, ಸಂಬಳ ಎಲ್ಲಿ?

ಕಳೆದ ಮೇ ತಿಂಗಳ ಒಂದೇ ವಾರದಲ್ಲಿ ನಾನು ಎರಡು ಕೆಲಸ ಮಾಡಿದೆ. ಆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗಿನಿಂದ ನನಗೆ ನನ್ನ ಮೇಲೇ ಸಿಟ್ಟು.

ಗುರುವಾರ ನಮ್ಮ ಆಫೀಸಿನಲ್ಲಿ ಸೀನಿಯರ್ ಒಬ್ಬರ ಬೀಳ್ಕೊಡುಗೆ ಇತ್ತು. ಹದಿನಾಲ್ಕು ವರ್ಷ ಕೋಡ್ ಬರೆದವರು ರಾಜೀನಾಮೆ ಕೊಟ್ಟು ಮಾಂಟೆಸ್ಸೊರಿ ಟ್ರೈನಿಂಗಿಗೆ ಹೊರಟಿದ್ದರು. "ಇಷ್ಟು ವರ್ಷ ಟಿಕೆಟ್ ಕ್ಲೋಸ್ ಮಾಡಿದ್ದಾಯ್ತು, ಇನ್ನು ಪುಟ್ಟ ಮಕ್ಕಳ ಜೊತೆ ಇರ್ತೀನಿ. ಮಾಡೋ ಕೆಲಸಕ್ಕೆ ಒಂದು ಅರ್ಥ ಬೇಕು ಅನ್ನಿಸ್ತಿದೆ" ಅಂದರು. ನಾವೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದೆವು. ಕೇಕ್ ಬಂತು, ಫೋಟೊ ಆಯ್ತು. ಕಾರ್ಡಿನಲ್ಲಿ ನಾನು 'ನಿಮ್ಮ ಧೈರ್ಯಕ್ಕೆ ಸಲಾಂ' ಅಂತ ಬರೆದು ಸಹಿ ಹಾಕಿದೆ.

ಭಾನುವಾರ ಬೆಳಿಗ್ಗೆ ಸರಸ್ವತಿಪುರಂನ ನಮ್ಮ ಬಾಡಿಗೆ ಮನೆಗೆ ಅಕ್ಕನ ಮಗಳು ಬಂದಳು. ತಿ. ನರಸೀಪುರ ತಾಲ್ಲೂಕಿನ ನಮ್ಮೂರಿನಿಂದ ಎರಡು ಬಸ್ಸು ಬದಲಾಯಿಸಿ, ಚೀಲದ ತುಂಬ ನುಗ್ಗೆಕಾಯಿ ಹೊತ್ತುಕೊಂಡು. ಸೆಕೆಂಡ್ ಪಿಯುಸಿಯಲ್ಲಿ ಶೇ. 88 ತೆಗೆದಿದ್ದಳು. ಕಾಫಿ ಕುಡಿಯುತ್ತಾ ಕೇಳಿದಳು: "ಮಾವ, ನಾನು ಚಿಕ್ಕ ಮಕ್ಳಿಗೆ ಟೀಚರ್ ಆಗ್ಬೇಕು ಅಂತಿದೀನಿ. ಅದಕ್ಕೇನ್ ಓದ್ಬೇಕು ಹೇಳಿ."

ನಾನು ಲೋಟ ಕೆಳಗಿಡುವ ಮೊದಲೇ ಉತ್ತರ ಕೊಟ್ಟೆ: "ಅದೆಲ್ಲ ಬೇಡ ಕಣವ್ವ. ಬಿಸಿಎ ಮಾಡು. ಫೀಸು ನಾನು ನೋಡ್ಕೋತೀನಿ."

ಅವಳು ಎದುರು ಮಾತಾಡಲಿಲ್ಲ. ಲೋಟ ತೊಳೆದಿಟ್ಟು, ನನ್ನ ಮಗಳ ಜೊತೆ ಹಜಾರದಲ್ಲಿ ಕೂತು ಬಟಾಣಿ, ಕಡಲೆಕಾಳು ಬೇರೆ ಬೇರೆ ಮಾಡುವ ಆಟ ಶುರು ಮಾಡಿದಳು. ಹತ್ತು ನಿಮಿಷಕ್ಕಿಂತ ಹೆಚ್ಚು ಒಂದು ಕಡೆ ಕೂರದ ನನ್ನ ಮೂರೂವರೆ ವರ್ಷದ ಮಗಳು ಅವತ್ತು ಊಟದ ಹೊತ್ತಿನವರೆಗೂ ಕೂತಿದ್ದಳು.

ನೋಡಿ, ಕೆಲಸ ಒಂದೇ. ಮಕ್ಕಳ ವಯಸ್ಸೂ ಒಂದೇ. ಒಬ್ಬರು ಹೊರಟಾಗ ಚಪ್ಪಾಳೆ, ಇನ್ನೊಬ್ಬಳು ಹೊರಟಾಗ 'ಬೇಡ ಕಣವ್ವ'. ಯಾಕೆ ಹಾಗೆ ಅಂದೆ ಅಂತ ಯೋಚಿಸಿದರೆ ಉತ್ತರ ಸುಲಭ. ನನ್ನ ಸೀನಿಯರಿಗೆ ಮನೆಯ ಸಾಲ ತೀರಿದೆ, ಗಂಡನಿಗೆ ಒಳ್ಳೆಯ ಸಂಬಳ ಬರುತ್ತದೆ. ಈ ಮಾತನ್ನು ಅವರೇ ನನಗೆ ಹೇಳಿದ್ದು, ಮುಚ್ಚುಮರೆ ಇಲ್ಲದೆ. ನಮ್ಮ ವಲಯದಲ್ಲಿ ಸಾರ್ಥಕತೆ ಅನ್ನೋದು ಇಎಂಐ ಮುಗಿದ ಮೇಲೆ ಸಿಗುವ ಸೌಲಭ್ಯ. ಅಕ್ಕನ ಮಗಳಿಗೆ ಹದಿನೆಂಟು ವರ್ಷ. ಅವಳಿಗೆ ಅದರಿಂದಲೇ ಹೊಟ್ಟೆ ತುಂಬಬೇಕು.

ಇನ್ನೊಂದು ಕಾರಣವೂ ಇದೆ. ಈ ಕೆಲಸಕ್ಕೆ ಏನು ಸಿಗುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ಅವಳ ಅಮ್ಮ, ಅಂದರೆ ನನ್ನ ಅಕ್ಕ, ಹತ್ತೊಂಬತ್ತು ವರ್ಷದಿಂದ ಅಂಗನವಾಡಿ ಕಾರ್ಯಕರ್ತೆ.

ಅಕ್ಕನ ಒಂದು ದಿನ ಹೇಗಿರುತ್ತೆ ಹೇಳ್ತೀನಿ. ಬೆಳಿಗ್ಗೆ ಒಂಬತ್ತೂವರೆಗೆ ಬಾಗಿಲು ತೆಗೆಯಬೇಕು. ಸಹಾಯಕಿ ಬಂದು ಗುಡಿಸಿ ಒಲೆ ಹಚ್ಚುವಷ್ಟರಲ್ಲಿ ಅಕ್ಕ ಊರೊಳಗೆ ಹೋಗಿ ಬಾರದ ಮಕ್ಕಳನ್ನು ಕರೆದುಕೊಂಡು ಬರ್ತಾಳೆ. ಮೂರರಿಂದ ಆರು ವರ್ಷದವರು ಒಟ್ಟು ಇಪ್ಪತ್ತಾರು ಜನ. ಪ್ರಾರ್ಥನೆ, ಹಾಡು, ಕಥೆ, 'ಚಿಲಿಪಿಲಿ' ಪುಸ್ತಕದ ಚಟುವಟಿಕೆ. ನಡುವೆ ಗರ್ಭಿಣಿಯರು, ಬಾಣಂತಿಯರು ಊಟಕ್ಕೆ ಬರ್ತಾರೆ. ಮಕ್ಕಳ ತೂಕ, ಎತ್ತರ ಅಳೆದು ಬರೆಯಬೇಕು. ಲಸಿಕೆಯ ದಿನ ತಾಯಂದಿರನ್ನು ಸೇರಿಸಬೇಕು. ಹಾಲಿನ ಪುಡಿ, ಮೊಟ್ಟೆ, ಬೇಳೆಯ ಲೆಕ್ಕ ಇಡಬೇಕು. ಮತದಾರರ ಪಟ್ಟಿ ಪರಿಷ್ಕರಣೆ ಬಂದರೆ ಮನೆಮನೆ ಸುತ್ತಬೇಕು. ಯಾವುದಾದರೂ ಹೊಸ ಯೋಜನೆ ಬಂದರೆ ಅದರ ಅರ್ಜಿಗೂ ಜನ ಅವಳ ಹತ್ತಿರವೇ ಬರ್ತಾರೆ.

ಇಷ್ಟೂ ಆದ ಮೇಲೆ ಮೊಬೈಲು. ಮಕ್ಕಳ ಹಾಜರಿ, ತೂಕ, ಊಟ ಎಲ್ಲಾ ಆ್ಯಪಿಗೆ ತುಂಬಬೇಕು. 2025ರ ಜುಲೈಯಿಂದ ಮನೆಗೆ ಒಯ್ಯುವ ಆಹಾರ ಕೊಡುವಾಗ ಫಲಾನುಭವಿಯ ಮುಖವನ್ನೂ ಫೋನಿಗೆ ಹಿಡಿದು ಗುರುತು ಮಾಡಿಸಬೇಕು. ಒಂದು ದಿನ ಅಕ್ಕ ಫೋನ್ ಮಾಡಿ, "ನೀನು ಅದೇನೋ ಸಾಫ್ಟ್‌ವೇರ್ ಅಂತೀಯಲ್ಲ, ಇದನ್ ಮಾಡ್ದೋನ್ಗೆ ಒಂದಿನ ಇಪ್ಪತ್ತಾರ್ ಮಕ್ಳ ಮಧ್ಯ ಕೂತ್ಕೊಂಡು ತುಂಬಿ ತೋರ್ಸು ಅಂತ ಹೇಳು ಕನೋ" ಅಂದಳು. ನಾನು ನಕ್ಕುಬಿಟ್ಟೆ. ಆಮೇಲೆ ನಗು ನಿಂತುಹೋಯಿತು. ನಾನೂ ಅಂಥ ಫಾರಂಗಳನ್ನೇ ಹನ್ನೆರಡು ವರ್ಷದಿಂದ ಬರೀತಿದೀನಿ. ತುಂಬುವವರ ಕೈಯಲ್ಲಿ ಅಳುವ ಮಗು ಇರಬಹುದು ಅಂತ ಒಂದು ದಿನವೂ ಯೋಚಿಸಿಲ್ಲ.

ಈಗ ಅವಳ ಮಗಳ ವಿಷಯಕ್ಕೆ ಬರ್ತೀನಿ. ಕಳೆದ ವರ್ಷ ದಸರಾ ರಜೆಯಲ್ಲಿ, ಅಕ್ಕ ಸರ್ವೆ, ಸಭೆ ಅಂತ ಓಡಾಡುವಾಗ, ಹುಡುಗಿ ಸಹಾಯಕಿಯ ಜೊತೆ ಅಂಗನವಾಡಿಯಲ್ಲಿ ಕೂರುತ್ತಿದ್ದಳು. ರಜೆ ಮುಗಿದ ಮೇಲೂ ಶನಿವಾರ ಮಧ್ಯಾಹ್ನ ಹೋಗುವುದನ್ನು ಬಿಡಲಿಲ್ಲ. ಅಲ್ಲೊಬ್ಬ ಹುಡುಗ, ನಾಲ್ಕು ವರ್ಷ ತುಂಬಿರಲಿಲ್ಲ. ಬಂದವನೇ ಕಿಟಕಿಯ ಕೆಳಗೆ ಗೋಡೆಗೆ ಮುಖ ಮಾಡಿ ಕೂರುತ್ತಿದ್ದ, ಯಾರ ಜೊತೆಯೂ ಮಾತಿಲ್ಲ. ಇವಳು ಅವನನ್ನು ಮಾತಾಡಿಸುವ ಗೋಜಿಗೇ ಹೋಗಲಿಲ್ಲವಂತೆ. ದಿನಾ ಅವನ ಪಕ್ಕ ಒಂದು ತಟ್ಟೆಯಲ್ಲಿ ಹುಣಸೆಬೀಜ, ಎರಡು ತೆಂಗಿನ ಚಿಪ್ಪು ಇಟ್ಟು ಸುಮ್ಮನೆ ತನ್ನ ಪಾಡಿಗೆ ತಾನಿರುತ್ತಿದ್ದಳು. ಒಂದು ವಾರ ಮುಟ್ಟಲಿಲ್ಲ. ಆಮೇಲೆ ಒಂದು ಚಿಪ್ಪಿನಿಂದ ಇನ್ನೊಂದಕ್ಕೆ ಸುರಿಯೋಕೆ ಶುರು ಮಾಡಿದ. ಇನ್ನಷ್ಟು ದಿನ ಕಳೆದ ಮೇಲೆ ಒಂದೊಂದೇ ಬೀಜ ಹಾಕುತ್ತಾ ತನ್ನಷ್ಟಕ್ಕೇ ಅಂದನಂತೆ: "ಒಂದು. ಇನ್ನೊಂದು. ಇನ್ನೊಂದು. ಇನ್ನೊಂದು."

"ಮಾವ, ಅವನಿಗೆ ಎರಡು, ಮೂರು ಅನ್ನೋ ಹೆಸರು ಗೊತ್ತಿಲ್ಲ, ಅಷ್ಟೇ" ಅಂದಳು ಹುಡುಗಿ. "ಆದ್ರೆ ಒಂದು ಬೀಜಕ್ಕೆ ಒಂದೇ ಮಾತು ಹೇಳ್ದ. ಬಿಟ್ಟೂ ಹೋಗ್ಲಿಲ್ಲ, ಎರಡು ಸಲನೂ ಹೇಳ್ಲಿಲ್ಲ. ಲೆಕ್ಕ ಅವನಿಗೆ ಬಂದ್ಬಿಟ್ಟಿದೆ. ಹೆಸರು ನಾವು ನಿಧಾನಕ್ಕೆ ಕೊಡ್ಬಹುದು."

ಬಿಇ ಓದಿದ ನನಗೆ ಈ ಮಾತು ಅರ್ಥವಾಗೋಕೆ ಸ್ವಲ್ಪ ಹೊತ್ತು ಬೇಕಾಯಿತು. ಒಂದು ವಸ್ತುವಿಗೆ ಒಂದು ಎಣಿಕೆ, ಗಣಿತದ ಬುಡವೇ ಅದು. ಬೇರೆಯವರು ನೋಡಿದ್ದರೆ 'ಈ ಮಗುವಿಗೆ ಒಂದು, ಎರಡು ಕೂಡ ಬರಲ್ಲ' ಅಂತ ಷರಾ ಬರೆದು ಮುಂದೆ ಹೋಗುತ್ತಿದ್ದರು. ಹದಿನೆಂಟರ ಹುಡುಗಿ ಅದನ್ನು ಗುರುತಿಸಿದಳು. ಆ ಮಾತು ಹೇಳುವಾಗ ಅವಳ ಮುಖದಲ್ಲಿ ಇದ್ದದ್ದನ್ನು ನಾನು ನಮ್ಮ ಆಫೀಸಿನಲ್ಲಿ, ಎಷ್ಟು ದೊಡ್ಡ ರಿಲೀಸ್ ಮುಗಿದ ರಾತ್ರಿಯೂ, ಯಾರ ಮುಖದಲ್ಲೂ ಕಂಡಿಲ್ಲ. ನನ್ನ ಕನ್ನಡಿಯಲ್ಲಂತೂ ಇಲ್ಲವೇ ಇಲ್ಲ.

ಹಾಗಾಗಿ ಸಾರ್ಥಕತೆ ಸುಳ್ಳು ಅಂತ ನಾನು ಹೇಳ್ತಿಲ್ಲ. ಅದು ನೂರಕ್ಕೆ ನೂರು ನಿಜ. ನನ್ನ ತಕರಾರು ಬೇರೆ. ಆ ನಿಜವನ್ನೇ ತೋರಿಸಿ ನಾವು ಸಂಬಳ ಕತ್ತರಿಸುತ್ತಿದ್ದೇವೆ. 'ನಿಮಗೆ ಮಕ್ಕಳ ನಗು ಇದೆಯಲ್ಲ, ದುಡ್ಡು ಯಾಕೆ?' ಅಂತ ಬಾಯಿಬಿಟ್ಟು ಹೇಳೋದಿಲ್ಲ, ಅಷ್ಟೇ.

ಹೇಳೋದಕ್ಕೆ ಒಂದು ಚಂದದ ಪದ ಇದೆ. ಗೌರವಧನ.

ಈ ಪದದ ಚರಿತ್ರೆ ನಮ್ಮ ಜಿಲ್ಲೆಯಿಂದಲೇ ಶುರು. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ, ಅಂದರೆ ಐಸಿಡಿಎಸ್, ದೇಶದ 33 ಕಡೆ ಪ್ರಯೋಗವಾಗಿ ಶುರುವಾಯಿತು. ಕರ್ನಾಟಕದಲ್ಲಿ ಅದಕ್ಕೆ ಆರಿಸಿಕೊಂಡದ್ದು ತಿ. ನರಸೀಪುರ. ಕಾವೇರಿ, ಕಪಿಲೆ ಕೂಡುವ ಊರು ಅಂತ ನಾವು ಹೆಮ್ಮೆಯಿಂದ ಹೇಳ್ತೀವಲ್ಲ, ರಾಜ್ಯದ ಮೊದಲ ಅಂಗನವಾಡಿಗಳ ತಾಲ್ಲೂಕೂ ಅದೇ. ನಾನು ಸ್ಲೇಟು ಹಿಡಿದದ್ದು, ಮಧ್ಯಾಹ್ನ ಬಿಸಿ ಉಪ್ಪಿಟ್ಟು ತಿಂದು ಚಾಪೆಯ ಮೇಲೆ ಮಲಗಿದ್ದು ಎಲ್ಲಾ ಅಂಥದ್ದೊಂದು ಕೋಣೆಯಲ್ಲಿ. ಊರಲ್ಲಿ ಈಗಲೂ ಅದಕ್ಕೆ 'ಬಾಲವಾಡಿ' ಅಂತಲೇ ಅಂತಾರೆ.

ಆಗ ಕಾರ್ಯಕರ್ತೆಗೆ ತಿಂಗಳಿಗೆ 100 ರೂಪಾಯಿ, ಮೆಟ್ರಿಕ್ ಪಾಸಾಗಿದ್ದರೆ 150. ಸಹಾಯಕಿಗೆ 35. ಊರಿನ ಹೆಣ್ಣುಮಗಳು ತನ್ನ ಬಿಡುವಿನಲ್ಲಿ ಮಾಡುವ ಸಮಾಜಸೇವೆ ಇದು ಅನ್ನುವ ಲೆಕ್ಕ. ಸೇವೆಗೆ ಸಂಬಳ ಕೊಡೋದು ಅವಮಾನ ಅಲ್ವಾ, ಅದಕ್ಕೇ ಗೌರವಧನ. ಐವತ್ತು ವರ್ಷ ಆಯ್ತು. ಬಿಡುವಿನ ಕೆಲಸ ಇಡೀ ದಿನದ್ದಾಯಿತು, ಸ್ಲೇಟು ಹೋಗಿ ಸ್ಮಾರ್ಟ್‌ಫೋನ್ ಬಂತು, ಈಗ ಈ ಹುದ್ದೆಗೆ ಪಿಯುಸಿ ಆಗಿರಬೇಕು. ಪದ ಮಾತ್ರ ಅಲ್ಲಾಡಿಲ್ಲ.

ಕೇಂದ್ರ ನಿಗದಿ ಮಾಡುವ ಗೌರವಧನ 2018ರ ಅಕ್ಟೋಬರಿನಲ್ಲಿ 3,000ದಿಂದ 4,500 ರೂಪಾಯಿ ಆಯಿತು. ಸಹಾಯಕಿಗೆ 2,250. ಅಲ್ಲಿಂದ ಇಲ್ಲಿಗೆ ಅಡುಗೆ ಎಣ್ಣೆಯ ಬೆಲೆ ಎಷ್ಟಾಯಿತು, ನಮ್ಮ ಸಂಬಳಗಳು ಎಷ್ಟಾದವು ಅಂತ ನೀವೇ ನೆನಪಿಸಿಕೊಳ್ಳಿ. ಆ 4,500 ಹಾಗೇ ಕೂತಿದೆ. ಅದರ ಮೇಲೆ ರಾಜ್ಯ ತನ್ನ ಪಾಲು ಸೇರಿಸುತ್ತೆ. 2025ರ ಬಜೆಟ್ಟಿನಲ್ಲಿ ಕಾರ್ಯಕರ್ತೆಗೆ ಸಾವಿರ, ಸಹಾಯಕಿಗೆ 750 ಹೆಚ್ಚಿಸಿದರು. ಎರಡೂ ಸೇರಿಸಿದರೆ ಅಕ್ಕನ ಕೈಗೆ ಬರೋದು, ನಾನು ಹೋದ ವರ್ಷ ಕೊಂಡ ಹೆಡ್‌ಫೋನಿಗಿಂತ ಕಡಿಮೆ. ಆ ಹೆಡ್‌ಫೋನು ಮೀಟಿಂಗಿನಲ್ಲಿ ಮಗಳ ಗಲಾಟೆ ಕೇಳಬಾರದು ಅಂತ ತಂದದ್ದು.

ಕೋರ್ಟು ಏನು ಹೇಳಿದೆ ಅಂತ ನೋಡಿ. 2006ರಲ್ಲಿ ಕರ್ನಾಟಕದಿಂದಲೇ ಹೋದ ಅಮೀರ್‌ಬೀ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅಂಗನವಾಡಿ ಕಾರ್ಯಕರ್ತೆಯರದ್ದು ಸರ್ಕಾರಿ ಹುದ್ದೆಯಲ್ಲ ಅಂತ ತೀರ್ಪು ಕೊಟ್ಟಿತು. ಹದಿನಾರು ವರ್ಷ ಕಳೆದ ಮೇಲೆ, 2022ರ ಏಪ್ರಿಲ್ 25ರಂದು, ಗುಜರಾತಿನ ಮಣಿಬೆನ್ ಪ್ರಕರಣದಲ್ಲಿ ಅದೇ ಸುಪ್ರೀಂ ಕೋರ್ಟು ಇವರಿಗೆ 1972ರ ಕಾಯ್ದೆಯ ಪ್ರಕಾರ ಗ್ರಾಚ್ಯುಟಿ ಸಿಗಬೇಕು ಅಂತ ಹೇಳಿತು. ಗೌರವಧನ ಅಂತ ಕರೆದರೂ ಆ ಕಾಯ್ದೆಯ ಲೆಕ್ಕದಲ್ಲಿ ಅದು ಕೂಲಿಯೇ, ಇಲ್ಲಿ ನಡೆಯುವುದು ಶಾಲಾಪೂರ್ವ ಶಿಕ್ಷಣ ಅನ್ನೋದನ್ನೂ ಒಪ್ಪಿಕೊಂಡಿತು. ಆದರೂ 2023ರ ಜನವರಿಯ ಚಳಿಯಲ್ಲಿ ಈ ಹೆಂಗಸರು ಗ್ರಾಚ್ಯುಟಿಯೂ ಸೇರಿದ ಬೇಡಿಕೆ ಹಿಡಿದು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲುರಾತ್ರಿ ಕೂರಬೇಕಾಯಿತು. ಆ ಹೊತ್ತಿಗೆ ನಾನು ಟ್ವಿಟರಿನಲ್ಲಿ ಏನು ಮಾಡ್ತಿದ್ದೆ ಗೊತ್ತಾ? ಬೆಂಗಳೂರಿನ ಟ್ರಾಫಿಕ್ ಬಗ್ಗೆ ಬೈತಿದ್ದೆ. ಅಕ್ಕ ಅಲ್ಲಿಗೆ ಹೋಗಿದ್ದಳು ಅಂತ ನನಗೆ ಗೊತ್ತಾದದ್ದು ಯುಗಾದಿಗೆ ಊರಿಗೆ ಹೋದಾಗ.

ಇದು ಸರ್ಕಾರದ ಕಥೆ, ನಾವು ಖಾಸಗಿ ಜನ ಒಳ್ಳೆಯವರು ಅಂದುಕೊಂಡರೆ ನಿಮ್ಮನ್ನು ನಮ್ಮ ಬಡಾವಣೆಗೆ ಕರ್ಕೊಂಡು ಬರ್ತೀನಿ.

ಸರಸ್ವತಿಪುರಂ ಅಂದರೆ ಹೆಸರಲ್ಲೇ ಸರಸ್ವತಿ. ಪಕ್ಕದಲ್ಲಿ ಕುಕ್ಕರಹಳ್ಳಿ ಕೆರೆ, ಕೆರೆಗೆ ಅಂಟಿಕೊಂಡು ಮಾನಸಗಂಗೋತ್ರಿ. 1963ರಿಂದ ಶಿಕ್ಷಕರನ್ನು ತಯಾರು ಮಾಡುತ್ತಿರುವ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಇರೋದೂ ಆ ಕಡೆಯೇ. ಪಾಠ ಹೇಳಿ ನಿವೃತ್ತರಾದ ಮೇಷ್ಟ್ರುಗಳ ಮನೆ ಇಲ್ಲದ ಬೀದಿ ಇಲ್ಲಿ ಕಡಿಮೆ. ಇಂಥ ಕಡೆ, ನಡೆದುಹೋಗುವಷ್ಟು ದೂರದಲ್ಲಿ, ನನ್ನ ಮಗಳ ಪ್ಲೇಸ್ಕೂಲ್ ಇದೆ. ಗೋಡೆ ತುಂಬ ಜಿರಾಫೆ, ಬಾಗಿಲಲ್ಲಿ ಕ್ಯಾಮೆರಾ. ವರ್ಷಕ್ಕೆ 78 ಸಾವಿರ ಫೀಸು. ಸೇರಿಸುವಾಗ ನಾನು ಹೆಂಡತಿ ಇಬ್ಬರೂ ಕೂತು ಇಪ್ಪತ್ತು ಪ್ರಶ್ನೆ ಕೇಳಿದ್ದೆವು. ಏಸಿ ಇದೆಯಾ, ಸ್ಕ್ರೀನ್ ತೋರಿಸ್ತೀರಾ, ತಿಂಡಿಗೆ ಸಕ್ಕರೆ ಹಾಕ್ತೀರಾ, ಫೋನಿನಲ್ಲಿ ಲೈವ್ ನೋಡಬಹುದಾ. ನಮ್ಮ ಮಗುವಿನ ಜೊತೆ ದಿನಕ್ಕೆ ನಾಲ್ಕು ಗಂಟೆ ಇರುವವರು ಯಾರು, ಅವರಿಗೆ ಎಷ್ಟು ಕೊಡ್ತೀರಿ ಅನ್ನೋದು ಆ ಇಪ್ಪತ್ತರಲ್ಲಿ ಇರಲಿಲ್ಲ.

ಅಕ್ಕನ ಮಗಳು ಬಂದುಹೋದ ಮೇಲೆ ಇದು ತಲೆಯಲ್ಲಿ ಕೊರೆಯುತ್ತಿತ್ತು. ಜೂನ್‌ನಲ್ಲಿ ಒಂದು ಸಂಜೆ ಅಗ್ನಿಶಾಮಕ ಠಾಣೆಯ ಹತ್ತಿರ ಮಗಳ ಟೀಚರ್ ಬಸ್ಸಿಗೆ ಕಾಯುತ್ತಾ ನಿಂತಿದ್ದರು. ಮಾತಿಗೆ ಮಾತು ಬಂತು, ಧೈರ್ಯ ಮಾಡಿ ಕೇಳಿಯೇಬಿಟ್ಟೆ. ತಿಂಗಳಿಗೆ 9,500. ವರ್ಷಕ್ಕೆ ಹತ್ತೇ ತಿಂಗಳು, ಏಪ್ರಿಲ್ ಮೇ ಸಂಬಳ ಇಲ್ಲ. ಪಿಎಫ್ ಇಲ್ಲ. ಸಂಜೆ ಮನೆಯಲ್ಲಿ ಟ್ಯೂಷನ್ ಮಾಡ್ತಾರೆ, ಸೀರೆಗೆ ಫಾಲ್ ಹಾಕಿ ಕೊಡ್ತಾರೆ.

ಕ್ಲಾಸಿನಲ್ಲಿ 22 ಮಕ್ಕಳು. ಲೆಕ್ಕ ಮಾಡಿ. ಆ ಒಂದು ಕೋಣೆಯಿಂದ ಬರುವ ಫೀಸು ವರ್ಷಕ್ಕೆ 17 ಲಕ್ಷ ದಾಟುತ್ತೆ. ಅದರಲ್ಲಿ ಟೀಚರಿಗೆ 95 ಸಾವಿರ. ಒಂದೂಕಾಲು ಮಗುವಿನ ಫೀಸಿನಲ್ಲಿ ಅವರ ಇಡೀ ವರ್ಷ ಮುಗಿಯಿತು. ಕಟ್ಟಡದ ಬಾಡಿಗೆ ಇದೆ, ಆಯಾ ಇದ್ದಾರೆ, ವ್ಯಾನ್ ಇದೆ, ಜಿರಾಫೆಗೆ ಬಣ್ಣ ಬಳಿಯೋಕೂ ಖರ್ಚಾಗುತ್ತೆ, ಒಪ್ಪಿದೆ. ಮಿಕ್ಕ ಇಪ್ಪತ್ತೂ ಮುಕ್ಕಾಲು ಮಕ್ಕಳ ಫೀಸು ಪೂರಾ ಅದಕ್ಕೇ ಹೋಗುತ್ತೆ ಅಂದರೆ, ನಾವು ದುಡ್ಡು ಕೊಡ್ತಿರೋದು ಯಾವುದಕ್ಕೆ ಅಂತ ಒಮ್ಮೆ ಕೇಳಿಕೊಳ್ಳಬೇಕಾಗುತ್ತೆ.

ಬಸ್ಸು ಹತ್ತುವ ಮುಂಚೆ ಆ ಟೀಚರ್ ಒಂದು ಮಾತು ಹೇಳಿದರು: "ಬೆಳಿಗ್ಗೆ ಮಕ್ಕಳ ಮುಖ ನೋಡಿದ್ರೆ ಎಲ್ಲಾ ಮರ್ತೋಗುತ್ತೆ ಸಾರ್." ಪ್ರಾಮಾಣಿಕವಾದ ಮಾತು. ಆದರೆ ಈ ಇಡೀ ವ್ಯವಹಾರ ನಿಂತಿರೋದೇ ಅವರು ದಿನಾ ಬೆಳಿಗ್ಗೆ ಮರೆಯುತ್ತಾರೆ ಅನ್ನುವ ಭರವಸೆಯ ಮೇಲೆ.

ಈ ವಿಷಯ ಎತ್ತಿದಾಗ ನನ್ನ ಸ್ನೇಹಿತರು ಹೇಳುವ ಮಾತುಗಳು ಮೂರು.

ಮೊದಲನೆಯದು: "ಎಬಿಸಿಡಿ ಹೇಳ್ಕೊಡೋಕೆ ಅಷ್ಟೊಂದು ಸಂಬಳ ಯಾಕೆ ಗುರು?" ಎಬಿಸಿಡಿ ಹೇಳಿಕೊಡುವುದೇ ಈ ಕೆಲಸ ಅಂದುಕೊಂಡರೆ ನಿಮ್ಮ ಮಾತು ಸರಿ, ಅದನ್ನು ಯೂಟ್ಯೂಬ್ ಪುಕ್ಕಟೆ ಮಾಡುತ್ತೆ. ಆದರೆ 2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ತೆರೆದು ನೋಡಿ. ಮಿದುಳಿನ ಬೆಳವಣಿಗೆಯ ಶೇ. 85ಕ್ಕೂ ಹೆಚ್ಚು ಆರು ವರ್ಷದೊಳಗೇ ಆಗುತ್ತೆ ಅಂತ ಅದೇ ಬರೆದಿದೆ. ಮೂರನೇ ವರ್ಷದಿಂದಲೇ ಶಿಕ್ಷಣದ ಲೆಕ್ಕ ಶುರುವಾಗಬೇಕು ಅಂತಲೂ ಹೇಳಿದೆ. ಗೋಡೆಗೆ ಮುಖ ಮಾಡಿ ಕೂತ ಹುಡುಗನಿಗೆ ಹುಣಸೆಬೀಜ ಇಟ್ಟು ಒಂದು ವಾರ ಕಾಯಬೇಕು ಅಂತ ಗೊತ್ತಾಗೋದು, ಕಾದ ಮೇಲೆ 'ಇನ್ನೊಂದು' ಅನ್ನುವ ಮಾತಿನಲ್ಲಿ ಲೆಕ್ಕ ಕೇಳಿಸೋದು, ಇದು ಕಸುಬು. ನನ್ನ ಹಾಗೆ ನೂರು ಜನರನ್ನು ಕೂರಿಸಿ, ಒಬ್ಬನಿಗೂ ಬರಲ್ಲ.

ಎರಡನೆಯದು: "ಸರ್ಕಾರದ ಹತ್ರ ದುಡ್ಡೆಲ್ಲಿದೆ?" ರಾಜ್ಯದಲ್ಲಿ 66 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ, ಖರ್ಚು ದೊಡ್ಡದೇ. ಹಾಗಂತ ಹೇಳುವವರೇ ಸ್ಟಾರ್ಟಪ್ ಮೀಟಿಂಗಿನಲ್ಲಿ ಜೇಮ್ಸ್ ಹೆಕ್ಮನ್ ಹೆಸರು ಎತ್ತುತ್ತಾರೆ. 2000ದಲ್ಲಿ ನೊಬೆಲ್ ಪಡೆದ ಈ ಅರ್ಥಶಾಸ್ತ್ರಜ್ಞ, ಎಳೆಯ ಮಕ್ಕಳ ಮೇಲೆ ಹಾಕಿದ ದುಡ್ಡು ಮುಂದೆ ಹಲವು ಪಟ್ಟು ವಾಪಸ್ ಬರುತ್ತೆ ಅಂತ ತೋರಿಸಿದ. ಅದಕ್ಕೆ ಅವನು ಮುಖ್ಯವಾಗಿ ಬಳಸಿದ್ದು ಅಮೆರಿಕದ ಮಿಷಿಗನ್‌ನಲ್ಲಿ 1962ರಿಂದ 67ರವರೆಗೆ ನಡೆದ ಪೆರಿ ಪ್ರೀಸ್ಕೂಲ್ ಪ್ರಯೋಗ. ಬಡ ಕುಟುಂಬಗಳ 123 ಮಕ್ಕಳನ್ನು ಎರಡು ಗುಂಪು ಮಾಡಿ, ಅವರಿಗೆ ನಲವತ್ತು ದಾಟುವವರೆಗೂ ಬೆನ್ನುಹತ್ತಿ ನೋಡಿದರು. ಎಲ್ಲರೂ ಆ ಲಾಭದ ಗ್ರಾಫ್ ತೋರಿಸ್ತಾರೆ. ಅಲ್ಲಿ ಪಾಠ ಹೇಳಿದವರು ಪೂರ್ತಿ ತರಬೇತಿ ಪಡೆದು ಸರ್ಕಾರಿ ಶಾಲೆಯ ಶಿಕ್ಷಕರ ಸಂಬಳ ತಗೊಳ್ತಿದ್ದರು, ಒಬ್ಬರಿಗೆ ಐದಾರು ಮಕ್ಕಳು ಮಾತ್ರ, ವಾರಕ್ಕೊಮ್ಮೆ ಮಗುವಿನ ಮನೆಗೂ ಹೋಗಿ ಬರ್ತಿದ್ದರು ಅನ್ನೋದನ್ನು ಯಾರೂ ಹೇಳಲ್ಲ. ನಮಗೆ ಪೆರಿಯ ಲಾಭ ಬೇಕು, ಖರ್ಚು 1975ರದ್ದೇ ಇರಬೇಕು. ನಮ್ಮ ಪ್ರಾಜೆಕ್ಟಿನಲ್ಲಿ ಯಾವ ಕ್ಲೈಂಟಾದರೂ ಹೀಗೆ ಕೇಳಿದ್ದರೆ ಕ್ಯಾಂಟೀನಿನಲ್ಲಿ ಕೂತು ಒಂದು ವಾರ ನಗುತ್ತಿದ್ದೆವು.

ಮೂರನೆಯದು ಸ್ವಲ್ಪ ಸೂಕ್ಷ್ಮ: "ದುಡ್ಡು ಜಾಸ್ತಿ ಮಾಡಿದ್ರೆ ದುಡ್ಡಿಗಾಗಿ ಬರೋರೇ ಬರ್ತಾರೆ, ಪ್ರೀತಿ ಇರೋರು ಬರಲ್ಲ." ಈ ಮಾತನ್ನು ಹೃದಯದ ಸರ್ಜನ್ ಬಗ್ಗೆ ಹೇಳಿ ನೋಡಿ. ಪೈಲಟ್ ಬಗ್ಗೆ ಹೇಳಿ. ನನ್ನ ನಿಮ್ಮ ಬಗ್ಗೆಯೇ ಹೇಳಿ. ಮಾರ್ಚ್ ಅಪ್ರೈಸಲ್‌ನಲ್ಲಿ ಶೇ. 6 ಕೊಟ್ಟಾಗ 'ಕೆಲಸದ ಮೇಲೆ ಪ್ರೀತಿ ಇದೆ, ಸಾಕು' ಅಂತ ಎದ್ದು ಬಂದವರು ಯಾರು? ಪ್ರೀತಿಯನ್ನು ಸಂಬಳದಿಂದ ಕಾಪಾಡಬೇಕು ಅನ್ನೋ ಆತಂಕ ಹುಟ್ಟೋದು ಹೆಂಗಸರು ಮಾಡುವ ಕೆಲಸಗಳಲ್ಲಿ ಮಾತ್ರ. ಅಡುಗೆ, ಬಾಣಂತನ, ಮಕ್ಕಳನ್ನು ನೋಡಿಕೊಳ್ಳೋದು ಮನೆಯಲ್ಲಿ ಪುಕ್ಕಟೆ ಸಿಕ್ಕಿದ್ದರಿಂದ ಹೊರಗೂ ಪುಕ್ಕಟೆ ಸಿಗಬೇಕು ಅಂತ ನಾವು ನಂಬಿಬಿಟ್ಟಿದ್ದೇವೆ.

ಹಾಗಂತ ಬದಲಾವಣೆ ಏನೂ ಆಗಿಲ್ಲ ಅಂತಲ್ಲ. 2024ರ ಜೂನ್‌ನಲ್ಲಿ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯಲು ಹೊರಟಾಗ ಅಂಗನವಾಡಿ ನೌಕರರು ಮತ್ತೆ ಬೀದಿಗಿಳಿದರು. ನಮ್ಮ ಮಕ್ಕಳನ್ನು ಅಲ್ಲಿಗೆ ಎಳೆದುಕೊಂಡರೆ ನಮ್ಮ ಕೇಂದ್ರಗಳು ಬರೀ ಊಟದ ಮನೆಗಳಾಗ್ತವೆ, ಆ ತರಗತಿಗಳನ್ನು ನಮಗೇ ಕೊಡಿ, ನಾವು ಕಲಿಸ್ತೀವಿ ಅಂತ ಅವರ ವಾದ. ಗಮನಿಸಿ, ಅವರು ಕೇಳಿದ್ದು ಕಡಿಮೆ ಕೆಲಸ ಅಲ್ಲ, ಪಾಠ ಹೇಳುವ ಹಕ್ಕು. ಜುಲೈನಲ್ಲಿ ಬೆಂಗಳೂರಿನ 250 ಅಂಗನವಾಡಿಗಳು 'ಸರ್ಕಾರಿ ಮಾಂಟೆಸ್ಸೊರಿ' ಆದವು. ನನ್ನ ಸೀನಿಯರ್ ಕೆಲಸ ಬಿಟ್ಟು ಕಲಿಯಲು ಹೊರಟ ಅದೇ ಮಾಂಟೆಸ್ಸೊರಿ. ಒಳ್ಳೆಯದೇ ಆಯ್ತು. ಬೋರ್ಡಿನ ಮೇಲೆ ಹೊಸ ಹೆಸರು ಬಂದಿದೆ, ಇನ್ನು ಗೌರವಧನ ಅನ್ನುವ ಹಳೇ ಹೆಸರೂ ಬದಲಾಗಬೇಕು. ಕಲಿಸುವವರನ್ನು ಶಿಕ್ಷಕಿ ಅಂತ ಕರೀರಿ, ಕೊಡೋದನ್ನು ವೇತನ ಅಂತ ಕರೀರಿ, ಪಕ್ಕದ ಪ್ರಾಥಮಿಕ ಶಾಲೆಯ ಒಂದನೇ ತರಗತಿಯ ಮೇಡಂಗೆ ಏನು ಕೊಡ್ತೀರೋ ಅದರ ಹತ್ತಿರಕ್ಕಾದರೂ ತನ್ನಿ. ಐದು ವರ್ಷ ಹನ್ನೊಂದು ತಿಂಗಳ ಮಗುವಿಗೆ ಕಲಿಸಿದರೆ ಸೇವೆ, ಆರು ತುಂಬಿದ ಮರುದಿನದಿಂದ ವೃತ್ತಿ ಅನ್ನೋದು ಯಾವ ನ್ಯಾಯ?

ಇದು ಸರ್ಕಾರಕ್ಕೆ. ಈಗ ನಮಗೆ, ಅಂದರೆ ಈ ಪುಸ್ತಕ ಓದುವ ನನ್ನ ನಿಮ್ಮಂಥವರಿಗೆ.

ಒಂದು, ಮಗುವನ್ನು ಸೇರಿಸಲು ಹೋದಾಗ ಎರಡು ಪ್ರಶ್ನೆ ಸೇರಿಸಿಕೊಳ್ಳಿ. ಇಲ್ಲಿಯ ಟೀಚರ್ ಎಷ್ಟು ವರ್ಷದಿಂದ ಇದ್ದಾರೆ? ಅವರಿಗೆ ಹನ್ನೆರಡು ತಿಂಗಳೂ ಸಂಬಳ ಇದೆಯಾ? ನಾನು ಈ ಜುಲೈನ ಪೋಷಕರ ಸಭೆಯಲ್ಲಿ ಎರಡನೆಯದನ್ನು ಕೇಳಿದೆ. ಮೊದಲು ಮೌನ, ಆಮೇಲೆ ಆಡಳಿತದವರು "ಅದು ಇಂಟರ್ನಲ್ ಮ್ಯಾಟರ್ ಸಾರ್" ಅಂದರು. ಹೆಂಡತಿ ಕಾಲು ತುಳಿದಳು. ಆದರೆ ಹೊರಗೆ ಬಂದಾಗ ಇನ್ನೂ ನಾಲ್ಕು ಜನ ಪೋಷಕರು ನಮ್ಮ ಜೊತೆ ನಿಂತರು. ಮುಂದಿನ ಸಭೆಗೆ ಐದೂ ಮನೆಯವರು ಸೇರಿ ಬರೆದು ಕೊಡೋದು ಅಂತ ಮಾತಾಗಿದೆ. ಟೀಚರ್ ಹೆಸರು ಎಲ್ಲೂ ಬರಬಾರದು ಅನ್ನೋ ಎಚ್ಚರ ಇದ್ದರೆ ಸಾಕು.

ಎರಡು, ನಿಮ್ಮ ಊರಿನ, ನಿಮ್ಮ ವಾರ್ಡಿನ ಅಂಗನವಾಡಿಗೆ ಒಮ್ಮೆ ಹೋಗಿ ಬನ್ನಿ. ಬರ್ತ್‌ಡೇ ಕೇಕ್ ಹಂಚಿ ಫೋಟೊ ತೆಗೆಸಿಕೊಳ್ಳೋಕೆ ಬೇಡ. ಸುಮ್ಮನೆ ಒಂದು ಗಂಟೆ ಕೂತು ನೋಡಿ.

ಮೂರು, 'ನೋಬಲ್ ಪ್ರೊಫೆಷನ್' ಅನ್ನೋ ಮಾತನ್ನು ದಯವಿಟ್ಟು ಕಡಿಮೆ ಮಾಡಿ. ನಾವು ಹಾಗೆ ಹೊಗಳಿದಷ್ಟೂ ಅವರಿಗೆ ದುಡ್ಡು ಕೇಳಲು ಬಾಯಿ ಬರೋದಿಲ್ಲ.

ಹೋದ ತಿಂಗಳು ಊರಿಗೆ ಹೋಗಿದ್ದೆ. ಅಕ್ಕನ ಮಗಳು ಬಿಎಗೆ ಸೇರಿದ್ದಾಳೆ, ಅದರ ಜೊತೆಗೇ ಇಗ್ನೋದ ಶಿಶು ಶಿಕ್ಷಣದ ಡಿಪ್ಲೊಮಾ ಮಾಡಬೇಕು ಅಂತ ಅರ್ಜಿ ತುಂಬಿಸಿಕೊಂಡಿದ್ದಳು. ನಾನು ಬಿಸಿಎ ಮಾತು ವಾಪಸ್ ತಗೊಂಡೆ, ಫೀಸು ಕಟ್ಟುವ ಮಾತು ತಗೊಳ್ಳಲಿಲ್ಲ. ಈ ಕೆಲಸಕ್ಕೆ ಅವಳು ಬರಲಿ ಅಂತ ನನಗೆ ಈಗ ನಿಜವಾಗಿ ಆಸೆ ಇದೆ. ಅದೇ ಹೊತ್ತಿಗೆ, ನನ್ನ ಮಗಳ ಟೀಚರ್ ಥರ ಸಂಜೆ ಸೀರೆಗೆ ಫಾಲ್ ಹಾಕುತ್ತಾ ಕೂರೋದು ನೋಡಲು ನನ್ನಿಂದಾಗಲ್ಲ.

ರಾತ್ರಿ ಊಟ ಆದ ಮೇಲೆ ಜಗುಲಿಯಲ್ಲಿ ಕೂತಿದ್ದೆವು. ಅಕ್ಕ ಫೋನಿನಲ್ಲಿ ಹಾಜರಿ ತುಂಬುತ್ತಿದ್ದಳು, ಸಿಗ್ನಲ್ಲಿಗಾಗಿ ಆಗಾಗ ಕೈ ಮೇಲೆತ್ತುತ್ತಾ. ನಾನು ಕೇಳಿದೆ, "ಮಗಳು ಈ ಕೆಲಸಕ್ಕೆ ಬರೋದು ನಿನಗೆ ಬ್ಯಾಡ್ವಾ ಅಕ್ಕ?"

ಅವಳು ಫೋನಿಂದ ಕಣ್ಣು ತೆಗೆಯಲಿಲ್ಲ.

"ಅವಳು ನನಗಿಂತ ಚೆನ್ನಾಗಿ ಮಾಡ್ತಾಳೆ ಕನೋ. ಒಂದ್ಸಲ ಬಂದ್ರೆ ಬಿಟ್ಟು ಹೋಗಲ್ಲ. ಅದೇ ನನಗೆ ಭಯ."